ಲಂಡನ್ನಿನ ಇಟ್ಟಿಗೆ ಮನೆ, ಅಗ್ರಹಾರದ ಗಾರೆ ಗೋಡೆ

ನಾವು ಬಾಡಿಗೆಗೆ ಇರುವುದು ಪೂರ್ವ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಒಂದು ಹಳೇ ಇಟ್ಟಿಗೆ ಮನೆಯ ಮೇಲಂತಸ್ತಿನಲ್ಲಿ. ಅಗಲ ಕಮ್ಮಿ, ಎತ್ತರ ಜಾಸ್ತಿ, ಅಕ್ಕಪಕ್ಕದ ಮನೆಗೂ ನಮಗೂ ಗೋಡೆ ಒಂದೇ. ಚಳಿಗಾಲದಲ್ಲಿ ಕಿಟಕಿ ಸಂದಿಯಿಂದ ಗಾಳಿ ನುಗ್ಗುತ್ತದೆ. ಹೊಸ ಕಿಟಕಿ ಹಾಕಿಸಿ ಅಂದರೆ, "ಕೌನ್ಸಿಲ್ ಒಪ್ಪಬೇಕಲ್ಲ" ಎನ್ನುತ್ತಾರೆ ಓನರ್. ಕೌನ್ಸಿಲ್ ಅಂದರೆ ಇಲ್ಲಿನ ನಗರಸಭೆ. ಅವರದು ನೆಪ ಅಲ್ಲ. ಈ ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆ, ಎರಡನೇ ದರ್ಜೆ. ಅನುಮತಿ ಇಲ್ಲದೆ ಒಳಗಾಗಲಿ ಹೊರಗಾಗಲಿ ಮನೆಯ ಸ್ವರೂಪ ಕೆಡಿಸಿದರೆ ಅದು ಕ್ರಿಮಿನಲ್ ಅಪರಾಧ.

ಊರಿಂದ ಬಂದಿದ್ದ ಅತ್ತೆ ಕೇಳಿದ್ದು, "ಇಲ್ಲಿ ಯಾವ ರಾಜ ಇದ್ದನಮ್ಮ?"

ಯಾವ ರಾಜನೂ ಇರಲಿಲ್ಲ. ಈ ಬೀದಿಗಳಲ್ಲಿ ಇದ್ದವರು ಫ್ರಾನ್ಸಿನಿಂದ ಓಡಿಬಂದ ರೇಷ್ಮೆ ನೇಕಾರರು, ವ್ಯಾಪಾರಿಗಳು. ಕೆಲವು ಮನೆಗಳ ಅಟ್ಟದಲ್ಲಿ ಅಷ್ಟಗಲದ ಕಿಟಕಿ ಯಾಕೆ ಅಂತ ರೇಷ್ಮೆ ಸೀರೆಯ ಊರಿನವರಿಗೆ ವಿವರಿಸಬೇಕಿಲ್ಲ, ಮಗ್ಗಕ್ಕೆ ಬೆಳಕು ಬೇಕು. ಕಿಟಕಿಯ ಇನ್ನೊಂದು ಗುಟ್ಟೂ ಇದೆ. 1666ರ ದೊಡ್ಡ ಬೆಂಕಿಯಲ್ಲಿ ಮರದ ಲಂಡನ್ ಸುಟ್ಟುಹೋದ ಮೇಲೆ ಇಟ್ಟಿಗೆ, ಕಲ್ಲು ಕಡ್ಡಾಯವಾಯಿತು. ನಮ್ಮ ಮೈಸೂರಿನ ಮರದ ಅರಮನೆಯೂ 1897ರಲ್ಲಿ ಹೀಗೇ ಸುಟ್ಟಿತ್ತಲ್ವಾ? ಬೆಂಕಿ ಹಬ್ಬದಿರಲೆಂದು ಇಲ್ಲಿ 1709ರ ಕಾಯಿದೆ ಕಿಟಕಿಯ ಮರದ ಚೌಕಟ್ಟು ಗೋಡೆಯ ಮುಖದಿಂದ ನಾಲ್ಕಿಂಚು ಒಳಗಿರಬೇಕು ಅಂದಿತು. 1774ರದ್ದು ಚೌಕಟ್ಟನ್ನು ಇಟ್ಟಿಗೆಯ ಹಿಂದೆ ಅಡಗಿಸಿ ಅಂದಿತು. ಹಾಗಾಗಿ ರಸ್ತೆಯಲ್ಲಿ ನಿಂತು ಕಿಟಕಿ ನೋಡಿದರೆ ಮನೆಯ ವಯಸ್ಸು ಅಂದಾಜಾಗುತ್ತದೆ. ಹೊಸ ಕಿಟಕಿ ಬಂದರೆ ಅದಷ್ಟೂ ಹೋಯಿತು.

ಇದೆಲ್ಲ ತಾನಾಗಿ ಉಳಿದದ್ದಲ್ಲ. 1977ರಲ್ಲಿ ಇಲ್ಲಿನ ಎಲ್ಡರ್ ಸ್ಟ್ರೀಟ್‌ನ ಮನೆಗಳನ್ನು ಕೆಡವಲು ಹೊರಟಾಗ, ಕೆಲವರು ಒಳಗೆ ಹೋಗಿ ಕೂತೇಬಿಟ್ಟರು. ಹಳೇ ಮನೆಗಳನ್ನು ಉಳಿಸುವ ಸ್ಪಿಟಲ್‌ಫೀಲ್ಡ್ಸ್ ಟ್ರಸ್ಟ್ ಎಂಬ ಸಂಸ್ಥೆ ಶುರುವಾದದ್ದು ಹಾಗೆ. ಈಗ ಅದೇ ಸಾಲಿನ ಮನೆ ಕೊಳ್ಳುವುದು ನಮ್ಮಂಥವರ ಕನಸಿನಲ್ಲೂ ಆಗದು, ಆ ಮಾತು ಬೇರೆ.

ನನಗೆ ಜಾಸ್ತಿ ಹಿಡಿಸಿದ್ದು ಇಟ್ಟಿಗೆ ಸಂದಿ ತುಂಬುವ ಕೆಲಸ. ಪಕ್ಕದ ಮನೆಗೆ ಮೇಸ್ತ್ರಿ ಬಂದಿದ್ದಾಗ ಹೋಗಿ ನೋಡಿದೆ. ಹಿಂದೆ ಯಾರೋ ಸಂದಿಗೆ ಸಿಮೆಂಟ್ ತುಂಬಿದ್ದರು. ಸಂದಿ ಗಟ್ಟಿಯಾಗಿತ್ತು, ಸುತ್ತಲಿನ ಇಟ್ಟಿಗೆಯ ಮುಖವೇ ಚಕ್ಕೆಚಕ್ಕೆಯಾಗಿ ಉದುರಿತ್ತು. ಹಳೇ ಇಟ್ಟಿಗೆ ಮೆದು. ಗೋಡೆ ಕುಡಿದ ನೀರು ಸುಣ್ಣದ ಗಾರೆಯಲ್ಲಾದರೆ ಆರಿ ಹೋಗುತ್ತದೆ. ಸಿಮೆಂಟ್ ಬಿಡುವುದಿಲ್ಲ, ಆಗ ನೀರು ಇಟ್ಟಿಗೆಯ ಮೂಲಕವೇ ಹೊರಬರಬೇಕು. ಚಳಿಗೆ ಹೆಪ್ಪುಗಟ್ಟಿ ಒಡೆಯುತ್ತದೆ. ಆತ ಸಣ್ಣ ಉಳಿ ಹಿಡಿದು ಸಿಮೆಂಟನ್ನೆಲ್ಲ ಕೆರೆದು, ಮರಳು ಬೆರೆಸಿದ ಸುಣ್ಣ ತುಂಬಿ, ಬೇಗ ಒಣಗದಿರಲೆಂದು ಒದ್ದೆ ಗೋಣಿತಾಟು ಇಳಿಬಿಟ್ಟ. ಖರ್ಚು ಪೂರ್ತಿ ಮನೆಯವರದೇ. ಕಾನೂನು ಕೈಕಟ್ಟುತ್ತದೆ, ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಇದು ನ್ಯಾಯವಾ ಅಂತ ನನಗೆ ಇನ್ನೂ ಅನುಮಾನ.

ಮೈಸೂರಿನ ಅಗ್ರಹಾರದಲ್ಲಿ ನಮ್ಮ ಚಿಕ್ಕಪ್ಪ ಇರುವ ಮನೆಯೂ ಇಟ್ಟಿಗೆ-ಗಾರೆಯದೇ, ಮೇಲೆ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಚಾವಣಿ. ಹಿಂದೆ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಅರೆಯುತ್ತಿದ್ದರು. ಕೆಲವು ವರ್ಷದ ಹಿಂದೆ "ಗಟ್ಟಿಯಾಗಿರಲಿ" ಅಂತ ಗೋಡೆಗೆಲ್ಲ ಸಿಮೆಂಟ್ ಬಳಿಸಿದರು. ಈಗ ಮೊಣಕಾಲೆತ್ತರದ ತೇವ ಎದೆಯೆತ್ತರಕ್ಕೆ ಏರಿದೆ, ಬಣ್ಣ ನಿಲ್ಲುವುದಿಲ್ಲ. ಹಳೇ ಮನೆ, ಕೆಡವಿ ಭಾಗ ಮಾಡಿಕೊಳ್ಳೋಣ ಎನ್ನುತ್ತಾರೆ ಉಳಿದವರು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವ ಹೋದದ್ದು, 2016ರಲ್ಲಿ ದೇವರಾಜ ಮಾರುಕಟ್ಟೆಯ ಭಾಗ ಬಿದ್ದದ್ದು ಎಲ್ಲರ ಕಣ್ಣಮುಂದಿದೆ. ಆ ಭಯ ಸುಳ್ಳಲ್ಲ. ಆದರೆ ನಮ್ಮ ಗೋಡೆಗೆ ಬಂದಿರುವುದು ವಯಸ್ಸಿನ ರೋಗವಲ್ಲ, ತಪ್ಪು ಔಷಧಿಯದು. ಅರಮನೆಗೆ ದೀಪ ಹಾಕುವ ಊರಿನಲ್ಲಿ ಇಂಥ ಮನೆಗಳ ಲೆಕ್ಕ ಇಡುವವರು ಕಮ್ಮಿ. ಒಂದೊಂದಾಗಿ ಹೋದರೆ ಬೀದಿಯೇ ಹೋಗುತ್ತದೆ.

ಮೊನ್ನೆ ಫೋನಿನಲ್ಲಿ, ಮೊದಲು ಒಂದು ಗೋಡೆಯ ಸಿಮೆಂಟ್ ಕೆರೆಸಿ ಸುಣ್ಣ ಬಳಿಸಿ, ಒಂದು ಮಳೆಗಾಲ ನೋಡಿ ಅಂದೆ.

"ಸರಿ ಕಣಪ್ಪ. ಆದರೆ ಇಲ್ಲಿ ಗಾರೆಯವನನ್ನು ಕರೆದರೆ ಸಿಮೆಂಟ್ ಮೂಟೆ ಹೊತ್ತೇ ಬರ್ತಾನೆ. ಸುಣ್ಣ ಗೊತ್ತಿರೋನನ್ನ ಹುಡುಕಿಕೊಡು, ಆಮೇಲೆ ಮಾತಾಡು" ಅಂದರು ಚಿಕ್ಕಪ್ಪ. ಅರಮನೆ ಸುತ್ತಮುತ್ತ ಹಳೇ ಕಟ್ಟಡಗಳ ರಿಪೇರಿ ಕೆಲಸ ಮಾಡಿದ ಮೇಸ್ತ್ರಿಗಳು ಯಾರಾದರೂ ನಿಮಗೆ ಗೊತ್ತಿದ್ದರೆ ತಿಳಿಸಿ.