ಪೌಡರ್ ಕಣ್ಣಿಗೆ ಕಾಣಬೇಕು, ಕ್ರಿಂಪ್ ಕಾಣಬಾರದು

ನನ್ನ ಕೆಲಸ ಶೂಟಿಂಗ್ ರೇಂಜಿನ ರೀಲೋಡಿಂಗ್ ಬೆಂಚಿನಲ್ಲಿ. ಹಾರಿಸಿ ಬಿಟ್ಟ ಹಿತ್ತಾಳೆ ಕೇಸುಗಳನ್ನು ತೊಳೆದು, ಹೊಸ ಪ್ರೈಮರ್ (ಕಿಡಿ ಕೊಡುವ ತಳದ ಬಿಲ್ಲೆ), ಪೌಡರ್ (ಮದ್ದು), ಗುಂಡು ಕೂರಿಸಿ ಮತ್ತೆ ರೌಂಡ್, ಅಂದರೆ ಇಡೀ ತೋಟಾ, ಮಾಡುತ್ತೇನೆ. ಬೆಂಚಿಗೆ ಹೊಸದಾಗಿ ಬಂದವರು ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಪಿಸ್ತೂಲಿಗೆ ಯಾವ ಪೌಡರ್ ಒಳ್ಳೇದು? ಕ್ರಿಂಪ್, ಅಂದರೆ ಗುಂಡು ಕೂರಿಸಿದ ಮೇಲೆ ಕೇಸಿನ ಬಾಯನ್ನು ಒತ್ತುವುದು, ಎಷ್ಟು ಬಿಗಿ ಇರಬೇಕು? ಮೊದಲನೆಯದಕ್ಕೆ ಒಂದು ಬ್ರ್ಯಾಂಡ್ ಹೆಸರು ಹೇಳಲಿ, ಎರಡನೆಯದಕ್ಕೆ ‘ಗಟ್ಟಿಯಾಗಿ ಒತ್ತು’ ಅನ್ನಲಿ ಅಂತ ಕಾಯುತ್ತಿರುತ್ತಾರೆ. ನಾನು ಎರಡನ್ನೂ ಹೇಳುವುದಿಲ್ಲ.

ಪೌಡರ್ ವಿಷಯಕ್ಕೆ ಬಂದರೆ ವೇಗ, ಗುರಿ, ಹೊಗೆ, ಖರ್ಚು ಎಲ್ಲ ಆಮೇಲಿನ ಮಾತು. ಪೌಡರ್ ಕಂಪನಿಯ ಲೋಡ್ ಪುಸ್ತಕದಲ್ಲಿ ಈ ರೌಂಡಿಗೆ, ಈ ತೂಕದ, ಈ ಬಗೆಯ ಗುಂಡಿಗೆ ಈ ಪೌಡರ್ ಕೊಟ್ಟಿದ್ದಾರಾ? ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಯಾವುದು ಬೇಗ ಉರಿಯುತ್ತೆ, ಯಾವುದು ನಿಧಾನ ಅನ್ನುವ ಪಟ್ಟಿ ನೋಡಿ ‘ಇದರ ಪಕ್ಕದಲ್ಲೇ ಇದೆಯಲ್ಲ, ಅದೇ ಅಳತೆ ಹಾಕೋಣ’ ಅನ್ನುವವರಿದ್ದಾರೆ. ಆ ಪಟ್ಟಿ ಬರೀ ಸಾಲು, ಅಳತೆ ಅಲ್ಲ. ಪುಸ್ತಕದಲ್ಲಿ ಇದೆ ಅಂತಾದರೆ ನಾನು ನೋಡುವುದು ಒಂದೇ. ಕೈತಪ್ಪಿ ಎರಡು ಸಲ ಪೌಡರ್ ಬಿದ್ದರೆ ಅದು ಕಣ್ಣಿಗೆ ಕಾಣುತ್ತಾ?

.38 ಸ್ಪೆಷಲ್ ಅನ್ನುವ ರಿವಾಲ್ವರ್ ರೌಂಡ್ ತಗೊಳ್ಳಿ. ಅದು ಕಪ್ಪು ಮದ್ದಿನ ಕಾಲದಲ್ಲಿ ಹುಟ್ಟಿದ್ದು, ಅದಕ್ಕೇ ಕೇಸ್ ಅಷ್ಟು ಉದ್ದ. ಈಗಿನ ಹೊಗೆರಹಿತ ಪೌಡರ್ ತಳದಲ್ಲಿ ಒಂಚೂರು ಜಾಗ ಹಿಡಿದು ಕೂರುತ್ತದೆ. ಬುಲ್ಸ್‌ಐ, ಟೈಟ್‌ಗ್ರೂಪ್ ತರದ ಬೇಗ ಉರಿಯುವ ಪೌಡರ್ ಸ್ವಲ್ಪವೇ ಸಾಕು, ಡಬ್ಬ ತುಂಬಾ ದಿನ ಬರುತ್ತೆ, ಆದರೆ ಎರಡು ಪಾಲು ಬಿದ್ದರೂ ಆ ಕೇಸ್ ಸುಮ್ನೆ ನುಂಗಿಕೊಳ್ಳುತ್ತದೆ, ಮೇಲೆ ಗುಂಡು ಆರಾಮಾಗಿ ಕೂರುತ್ತದೆ, ಹೊರಗಿನಿಂದ ನೋಡಿದರೆ ಯಾವ ಸುಳಿವೂ ಇರುವುದಿಲ್ಲ. .38 ಸ್ಪೆಷಲ್‌ಗೆ ಅಮೆರಿಕದಲ್ಲಿ ಬಂದೂಕು, ತೋಟಾಗಳ ಮಾನದಂಡ ಹಾಕುವ ಸಾಮಿ (SAAMI) ಸಂಸ್ಥೆ ಇಟ್ಟಿರುವ ಗರಿಷ್ಠ ಒತ್ತಡ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಎರಡು ಪಾಲು ಉರಿದರೆ ಸಿಲಿಂಡರ್ ಸೀಳಬಹುದು. ಹಾಗಾಗಿ ಹೊಸಬರ ಕೈಗೆ ನಾನು ಕೊಡುವುದು ಯುನಿಕ್ ತರದ, ಜಾಗ ತುಂಬುವ ಪೌಡರ್. ಅದು ಚಪ್ಪಟೆ ಚೂರು, ಅಳೆಯುವ ಯಂತ್ರದಲ್ಲಿ ಪ್ರತಿ ಸಲ ಒಂದೇ ಸಮ ಬೀಳಲ್ಲ, ಗೊಣಗುತ್ತಾರೆ. ಗೊಣಗಲಿ ಬಿಡಿ, ತಕ್ಕಡಿ ಇದೆಯಲ್ಲ. 1 ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ ಅಷ್ಟೇ. ಅದರ ಹತ್ತನೇ ಒಂದು ಭಾಗಕ್ಕೂ ಲೆಕ್ಕ ಇಡುವ ಕೆಲಸ ಇದು.

ನಿಧಾನ ಉರಿಯುವ ಪೌಡರಿನ ತಲೆನೋವು ಬೇರೆ. .357 ಮ್ಯಾಗ್ನಮ್‌ಗೆ ಹಾಕುವ ಎಚ್110 ಅನ್ನು ‘ಸ್ವಲ್ಪ ಮೆತ್ತಗಿರಲಿ’ ಅಂತ ಮನಸ್ಸಿಗೆ ಬಂದಷ್ಟು ಕಮ್ಮಿ ಮಾಡುವ ಹಾಗಿಲ್ಲ. ಪುಸ್ತಕದ ಕನಿಷ್ಠಕ್ಕಿಂತ ಇಳಿಸಿದರೆ ಸರಿಯಾಗಿ ಉರಿಯದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಅದು ಗೊತ್ತಾಗದೆ ಹಿಂದೆಯೇ ಇನ್ನೊಂದು ಹಾರಿಸಿದರೆ ನಳಿಗೆ ಉಳಿಯುವುದಿಲ್ಲ. ಮೆತ್ತನೆ ಲೋಡ್ ಬೇಕಾದರೆ ಪೌಡರನ್ನೇ ಬದಲಾಯಿಸಬೇಕು.

ಇನ್ನು ಕ್ರಿಂಪ್. ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. 9 ಎಂಎಂ, .45 ಎಸಿಪಿ ತರದ ಆಟೋ ಪಿಸ್ತೂಲ್ ರೌಂಡುಗಳಲ್ಲಿ ಗುಂಡನ್ನು ಹಿಡಿದಿಡುವುದು ಕ್ರಿಂಪ್ ಅಲ್ಲ. ಸೈಜಿಂಗ್ ಡೈ (ಕೇಸನ್ನು ಒತ್ತಿ ಅಳತೆಗೆ ತರುವ ಅಚ್ಚು) ಕೇಸನ್ನು ಗುಂಡಿಗಿಂತ ಒಂಚೂರು ಕಿರಿದು ಮಾಡಿರುತ್ತದಲ್ಲ, ಆ ಬಿಗಿಯೇ ಹಿಡಿಯುವುದು. ಗುಂಡು ಸಲೀಸಾಗಿ ಇಳಿಯಲಿ ಅಂತ ಕೇಸಿನ ಬಾಯನ್ನು ಸ್ವಲ್ಪ ಅರಳಿಸಿರುತ್ತೇವೆ. ಅದನ್ನು ವಾಪಸ್ ನೇರ ಮಾಡುವುದಷ್ಟೇ ಟೇಪರ್ ಕ್ರಿಂಪಿನ ಕೆಲಸ. ಈ ರೌಂಡುಗಳು ಚೇಂಬರಿನಲ್ಲಿ (ನಳಿಗೆಯ ಹಿಂದೆ ರೌಂಡ್ ಕೂರುವ ಗೂಡು) ಆತುಕೊಂಡು ನಿಲ್ಲುವುದು ಕೇಸಿನ ಬಾಯಿಯ ಅಂಚಿನ ಮೇಲೆ. ಆ ಅಂಚನ್ನೇ ಒಳಗೆ ಮಡಚಿದರೆ ಇನ್ಯಾವುದರ ಮೇಲೆ ನಿಲ್ಲಬೇಕು?

ಜಾಸ್ತಿ ಒತ್ತಿದರೆ ಹಿಡಿತವೂ ಜಾಸ್ತಿ ಆಗುತ್ತೆ ಅನ್ನಿಸುತ್ತೆ, ಅಲ್ವಾ? ಆಗುವುದು ಉಲ್ಟಾ. ಹಿತ್ತಾಳೆಗೆ ಸ್ಪ್ರಿಂಗ್ ಗುಣ ಇದೆ, ಒತ್ತಿ ಬಿಟ್ಟರೆ ಸ್ವಲ್ಪ ಹಿಂದಕ್ಕೆ ಬರುತ್ತದೆ. ಒಳಗಿನ ಸೀಸಕ್ಕೆ ಆ ಗುಣ ಇಲ್ಲ, ಕುಗ್ಗಿದ್ದು ಕುಗ್ಗಿಯೇ ಇರುತ್ತದೆ. ಗುಂಡು ಸಣ್ಣದಾಯಿತು, ಕೇಸ್ ಹಿಂದೆ ಸರಿಯಿತು, ಮಧ್ಯೆ ಸಡಿಲ. ಅಂಥ ರೌಂಡ್ ಮ್ಯಾಗಜಿನ್‌ನಿಂದ ಮೇಲೆ ಬರುವಾಗ, ಅದನ್ನು ಚೇಂಬರಿಗೆ ದಾಟಿಸುವ ಇಳಿಜಾರಾದ ಫೀಡ್ ರ‍್ಯಾಂಪಿಗೆ ಬಡಿದರೆ ಗುಂಡು ಕೇಸಿನ ಒಳಕ್ಕೆ ಸರಿಯುತ್ತದೆ. 9 ಎಂಎಂ ಕೇಸ್ ಮೊದಲೇ ಚಿಕ್ಕದು, ಮಿತಿ 35,000 ಪಿಎಸ್‌ಐ. ಒಳಗಿನ ಜಾಗ ಚೂರು ಕಮ್ಮಿ ಆದರೂ ಒತ್ತಡ ಜಿಗಿಯುತ್ತದೆ. ತಾಮ್ರದ ತೆಳು ಲೇಪನದ ಗುಂಡಾದರೆ ಲೇಪನವೂ ಹರಿಯುತ್ತದೆ.

ಅಳತೆ ಬೇಕಾದರೆ ಲೆಕ್ಕ ಸುಲಭ. 9 ಎಂಎಂ ಗುಂಡಿನ ವ್ಯಾಸ 0.355 ಇಂಚು. ಕೇಸ್ ಗೋಡೆ ಸುಮಾರು 0.011, ಎರಡು ಕಡೆ ಸೇರಿ 0.022. ಒಟ್ಟು 0.377. ಬಾಯಿಯ ಹತ್ತಿರ ಕ್ಯಾಲಿಪರ್ ಅಷ್ಟು ಅಥವಾ ಒಂಚೂರು ಮೇಲೆ ತೋರಿಸಿದರೆ ಅರಳಿದ ಬಾಯಿ ಹೋಯಿತು ಅಂತ ಅರ್ಥ. ಗರಿಷ್ಠ ಮಿತಿ 0.380. ಆಮೇಲೆ ಪಿಸ್ತೂಲಿನ ನಳಿಗೆ ಬಿಚ್ಚಿ ರೌಂಡನ್ನು ಅದರೊಳಗೆ ಬಿಡಿ. ಟಕ್ ಅಂತ ಕೂರಬೇಕು, ಬೆರಳಲ್ಲಿ ತಿರುಗಿಸಿದರೆ ತಿರುಗಬೇಕು. ರೌಂಡಿನ ಉದ್ದ ಅಳೆದುಕೊಂಡು ಗುಂಡಿನ ತುದಿಯನ್ನು ಬೆಂಚಿಗೆ ಒತ್ತಿ, ಮತ್ತೆ ಅಳೆಯಿರಿ. ಉದ್ದ ಕಮ್ಮಿ ಆಗಿದ್ದರೆ ಕ್ರಿಂಪ್ ಬಿಗಿ ಮಾಡಲು ಓಡಬೇಡಿ. ಬಾಯಿ ಜಾಸ್ತಿ ಅರಳಿದೆಯಾ, ಸೈಜಿಂಗ್ ಡೈ ಸರಿ ಇದೆಯಾ ನೋಡಿ.

ರಿವಾಲ್ವರ್ ಕತೆ ಬೇರೆ. ಅಲ್ಲಿ ರೌಂಡ್ ನಿಲ್ಲುವುದು ತಳದ ರಿಮ್ ಮೇಲೆ, ಹಾಗಾಗಿ ಬಾಯಿ ಮಡಚಬಹುದು. .357 ಮ್ಯಾಗ್ನಮ್‌ನಂಥ ಜೋರು ಒದೆತದಲ್ಲಿ ಇನ್ನೂ ಹಾರಿಸದ ರೌಂಡುಗಳ ಗುಂಡು ಮುಂದಕ್ಕೆ ಜಾರಿ ಸಿಲಿಂಡರ್ ತಿರುಗದಂತೆ ಅಡ್ಡ ಆಗುತ್ತದೆ. ಅದಕ್ಕೇ ಗುಂಡಿನ ಮೇಲಿರುವ ಗೀರಿನೊಳಗೆ ಬಾಯನ್ನು ಮಡಚುವ ರೋಲ್ ಕ್ರಿಂಪ್. ಕೇಸುಗಳೆಲ್ಲ ಒಂದೇ ಉದ್ದ ಇದ್ದರೆ ಮಾತ್ರ ಅದು ಒಂದೇ ಸಮ ಬರುತ್ತದೆ, ಹಾಗಾಗಿ ಮೊದಲು ಟ್ರಿಮ್.

ಗುಂಡು ಕೂರಿಸುವುದನ್ನೂ ಕ್ರಿಂಪನ್ನೂ ನಾನು ಬೇರೆ ಬೇರೆ ಡೈಯಲ್ಲೇ ಮಾಡಿಸುತ್ತೇನೆ. ಒಂದೇ ಏಟಿಗೆ ಎರಡೂ ಮಾಡಿದರೆ ಗುಂಡು ಇನ್ನೂ ಇಳಿಯುತ್ತಿರುವಾಗಲೇ ಬಾಯಿ ಮುಚ್ಚಿ ಸೀಸ ಕೆರೆಯುತ್ತದೆ. ಗುಂಡಿನ ಬಗೆ ಬದಲಾದರೆ, ಪೌಡರಿನ ಹೊಸ ಲಾಟ್ ಬಂದರೆ, ಪುಸ್ತಕದ ಆರಂಭದ ಅಳತೆಯಿಂದ ಮತ್ತೆ ಶುರು. ಬೆಂಚಿನ ಮೇಲೆ ಯಾವಾಗಲೂ ಒಂದೇ ಪೌಡರ್ ಡಬ್ಬ. ಸಂಜೆ ಯಂತ್ರದಲ್ಲಿ ಉಳಿದದ್ದು ಅದೇ ಡಬ್ಬಕ್ಕೆ ವಾಪಸ್.