ನಮ್ಮನ್ಯಾಗ ಈ ಸಲ ಹಬ್ಬ ಇಲ್ರಿ

2024ರ ದೀಪಾವಳಿ ಮುಗಿದ ಮೇಲಿನ ಸೋಮವಾರ. ಕೊಪ್ಪಳದಿಂದ ಕಿನ್ನಾಳಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಮ್ಮ ಅಂಗನವಾಡಿ. ಮಕ್ಕಳನ್ನು ಸುತ್ತಲೂ ಕೂರಿಸಿಕೊಂಡು, ಹದಿನಾಲ್ಕು ವರ್ಷದಿಂದ ಕೇಳುತ್ತಾ ಬಂದದ್ದನ್ನೇ ಕೇಳಿದೆ. "ಹಬ್ಬಕ್ಕ ನಿಮ್ಮನ್ಯಾಗ ಏನೇನ್ ಮಾಡಿದ್ರಿ?"

ಹೊಸ ಲಂಗ, ಸುರ್‌ಸುರ್ ಬತ್ತಿ, ಹೋಳಿಗೆ. ಒಬ್ಬೊಬ್ಬರೇ ಹೇಳಿದರು. ನಾಲ್ಕು ವರ್ಷದ ಒಬ್ಬ ಹುಡುಗಿ ತನ್ನ ಸರದಿ ಬಂದಾಗ ಚಾಪೆಯ ಎಳೆ ಕೀಳುತ್ತಾ, "ನಮ್ಮನ್ಯಾಗ ಈ ಸಲ ಹಬ್ಬ ಇಲ್ರಿ" ಅಂದಳು. ಪಕ್ಕದ ಹುಡುಗ "ಹಬ್ಬ ಎಲ್ಲಾರಿಗೂ ಇರತೈತಿ" ಅಂದುಬಿಟ್ಟ. ಅವಳು ಅತ್ತಳು.

ತಪ್ಪು ನನ್ನದು. ಭಾದ್ರಪದದಲ್ಲಿ ಅವಳ ಅಜ್ಜ ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಮಣ್ಣಿಗೂ ಹೋಗಿದ್ದೆ. ಆದರೂ ಕೇಳಿದೆ. ಅವತ್ತು ಸುಮ್ನೆ ಕೂತಿದ್ದವರು ಇನ್ನಿಬ್ಬರಿದ್ದರು. ಅವರ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿದ್ದರು. ಹೊಸ ಬಟ್ಟೆ ಯಾರು ತರಬೇಕು?

ಸಂಜೆ ಆ ಹುಡುಗಿಯ ಮನೆಗೆ ಹೋದೆ. ಅಜ್ಜಿ ಕಟ್ಟೆ ಮೇಲೆ ಕೂತಿದ್ದರು. "ಹಿರೇರು ಹೋದ ವರ್ಷ ಒಲಿ ಮ್ಯಾಲ ಎಣ್ಣಿ ಬಾಂಡ್ಲಿ ಇಡಂಗಿಲ್ರಿ ಟೀಚರ" ಅಂದರು. ಆಮೇಲೆ ಒಳಗಿಂದ ಮೂರು ಸ್ಟೀಲ್ ಡಬ್ಬಿ ತಂದು ಇಟ್ಟರು. ಮೂರೂ ಓಣಿಯವರು ಕೊಟ್ಟು ಹೋದ ಕರ್ಚಿಕಾಯಿ. ಒಂದರಲ್ಲಿ ಕೊಬ್ಬರಿ, ಒಂದರಲ್ಲಿ ಪುಠಾಣಿ, ಇನ್ನೊಂದರಲ್ಲಿ ಎಳ್ಳು. "ಡಬ್ಬಿ ಖಾಲಿ ಕೊಡಬಾರದು, ಒಂದ್ ಹಿಡಿ ಸಕ್ರಿ ಹಾಕಿ ಕೊಡಬೇಕು" ಅಂತ ಮೊಮ್ಮಗಳಿಗೆ ಹೇಳಿಕೊಡುತ್ತಿದ್ದರು.

ನಾನು ಅಲ್ಲೇ ಕೂತುಬಿಟ್ಟೆ. ಹಬ್ಬ ಇಲ್ಲದ ಮನೆಯಲ್ಲೂ ಎಂಥ ಪದ್ಧತಿ ಇದೆ ಅಲ್ವಾ! ಮರುದಿನ ಆ ಹುಡುಗಿಯೇ ಎಲ್ಲರಿಗೂ ಹೇಳಿದಳು, ಯಾವ ಮನೆಯ ಕರ್ಚಿಕಾಯಿಯಲ್ಲಿ ಏನಿತ್ತು ಅಂತ. ಹಿಂದಿನ ದಿನ ಮಾತಾಡಿದ್ದ ಹುಡುಗ ಬಾಯಿ ಬಿಟ್ಟುಕೊಂಡು ಕೇಳಿದ.

ಅಂಗನವಾಡಿ ಅಂದರೆ ಮೊಟ್ಟೆ, ಹಾಲು, ತೂಕ ಅಂತಲೇ ಜಾಸ್ತಿ ಮಂದಿ ಅಂದುಕೊಂಡಿದ್ದಾರೆ. 1975ರ ಅಕ್ಟೋಬರ್ 2ಕ್ಕೆ ಈ ಯೋಜನೆ ಶುರುವಾದಾಗಿಂದಲೂ 3ರಿಂದ 6 ವರ್ಷದ ಮಕ್ಕಳಿಗೆ ಕಲಿಸುವುದೂ ನಮ್ಮ ಕೆಲಸವೇ. ಆ ವಯಸ್ಸಿನ ಮಗುವಿಗೆ ಗೊತ್ತಿರುವ ಪ್ರಪಂಚ ಅಂದರೆ ಅದರ ಮನೆ. ಹಾಗಾಗಿ ತಾಯಂದಿರ ಸಭೆಯಲ್ಲಿ ಹೇಳಿದೆ: ಇನ್ನು ಮೇಲೆ ಹಬ್ಬಕ್ಕೆ ಏನು ತಂದಿರಿ ಅಂತ ಕೇಳಲ್ಲ. ನಿಮ್ಮ ಮನೆಯ ಹಿರಿಯರು ಕೈಯಾರೆ ಮಾಡುವ ಒಂದು ಕೆಲಸ ಬಂದು ತೋರಿಸಿ. ಅಂಗಡಿಯಿಂದ ಏನೂ ಕೊಂಡು ತರಬೇಡಿ.

ಮೊದಲು ಬಂದವಳು ತಾಂಡಾದ ಮಗುವಿನ ಅಕ್ಕ. ದೀಪಾವಳಿ ಅಮಾವಾಸ್ಯೆಯ ರಾತ್ರಿ ಲಂಬಾಣಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ 'ಮೇರಾ' ಹೇಳುತ್ತಾರೆ, ಹಿರಿಯರಿಗೆ ಒಳ್ಳೇದಾಗಲಿ ಅಂತ ಹಾಡುತ್ತಾರೆ. ಅವಳ ತಂಗಿ ಐದು ತಿಂಗಳಿಂದ ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಅವತ್ತು ಅಕ್ಕನ ಜೊತೆ ನಿಂತು ತಮ್ಮ ಭಾಷೆಯಲ್ಲಿ ಜೋರಾಗಿ ಹಾಡಿದಳು. ಉಳಿದ ಮಕ್ಕಳು "ಮೇರಾ, ಮೇರಾ" ಅಂತ ದನಿ ಕೂಡಿಸಿದರು.

2025ರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಜೂನ್ 25ಕ್ಕೆ ಬಂತು. ಒಬ್ಬರ ಅಜ್ಜ ಹೊಲದಿಂದ ಎರಿಮಣ್ಣು ತಂದು, ಕಲ್ಲು ಕಸ ಆರಿಸಿ, ನಾದಿ, ಒದ್ದೆ ಬಟ್ಟೆ ಮುಚ್ಚಿ ಇಟ್ಟಿದ್ದರು. ಒಬ್ಬೊಬ್ಬರ ಕೈಗೆ ಒಂದೊಂದು ಉಂಡೆ. "ಮೊದ್ಲ ಡುಬ್ಬ ಚೂಪ ಮಾಡ್ರಿ, ಆಮ್ಯಾಲ ಕೋಡು" ಅಂದರು. ಮಕ್ಕಳ ಬೆರಳು ಆ ಮಣ್ಣನ್ನು ಚಿವುಟುವುದನ್ನು ನೋಡಬೇಕಿತ್ತು. ಸ್ಲೇಟು ಬಳಪ ಹಿಡಿಯಲು ಬೇಕಾದ ಬಲವೂ ಅದೇ. ಕಣ್ಣಿಗೆ ಜೋಳದ ಕಾಳು ಒತ್ತಿದರು. ಒಬ್ಬ ಮಾತ್ರ ನಾಲ್ಕು ಗಾಲಿ ಮಾಡಿದ. "ನಮ್ಮನ್ಯಾಗ ಎತ್ತಿಲ್ಲ, ಟ್ರ್ಯಾಕ್ಟರ್ ಐತಿ." ಅಜ್ಜ ಒಂದು ಕ್ಷಣ ನೋಡಿದರು. ಆಮೇಲೆ ಮಣ್ಣಿನ ಗ್ವಾದಲಿ (ಮೇವಿನ ತೊಟ್ಟಿ) ಮುಂದೆ ಎತ್ತುಗಳ ಸಾಲಿನಲ್ಲೇ ಅದನ್ನೂ ಇಟ್ಟು ಕುಂಕುಮ ಹಚ್ಚಿದರು.

ಅದೇ ಅಮಾವಾಸ್ಯೆ ಕಳೆದು ಚಂದ್ರ ಕಂಡ ಮೇಲೆ ಮೊಹರಂ. ಊರಿನ ಅಲಾಯಿ ದೇವರಿಗೆ, ಅಂದರೆ ಮೊಹರಂಗೆ ಕೂಡಿಸುವ ಪಂಜಾಗಳಿಗೆ, ಎಲ್ಲ ಮನೆಯವರೂ ನಡೆದುಕೊಳ್ಳುತ್ತಾರೆ, ಅದನ್ನು ಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಒಬ್ಬ ತಾಯಿ ಮೊಹರಂನ ಸಿಹಿ ಚೊಂಗ್ಯ ತಂದು ಹಂಚಿದರು. ಇಬ್ಬರು ಹುಡುಗರು ಅಲಾಯಿ ಕುಣಿಯ (ಬೆಂಕಿ ಗುಂಡಿಯ) ಸುತ್ತ ಕುಣಿಯುವ ಹೆಜ್ಜೆ ಹಾಕಿ ತೋರಿಸಿದರು, ಬಾಯಲ್ಲೇ ಹಲಗೆ ಬಡಿಯುತ್ತಾ.

ಕೆಲವು ತಾಯಂದಿರು ಇನ್ನೂ ಬರುತ್ತಿಲ್ಲ. ಕೂಲಿ ಬಿಟ್ಟು ಬರಲಾಗದು. ಅಂಥ ಮನೆಗೆ ಸಂಜೆ ನಾನೇ ಹೋಗಿ ಕೇಳಿಕೊಂಡು ಬರುತ್ತೇನೆ.

2025ರ ಡಿಸೆಂಬರ್‌ನಲ್ಲಿ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ. ಆ ಹುಡುಗಿಗೆ ಈಗ ಐದು ತುಂಬಿದೆ. ಅವರ ಮನೆಯಲ್ಲಿ ವರ್ಷ ಕಳೆದಿದೆ, ದೀಪಾವಳಿಗೆ ಬಾಂಡ್ಲಿ ಒಲೆಗೇರಿತ್ತು. ಸಜ್ಜೆ ರೊಟ್ಟಿ ಬಡಿದು ತೋರಿಸಲು ಅಜ್ಜಿ ತಾವೇ ಬರುತ್ತೇನೆ ಅಂದಿದ್ದಾರೆ. ಆಮೇಲೆ ಮಕ್ಕಳನ್ನು ಪಕ್ಕದ ಹೊಲಕ್ಕೆ ಕರೆದುಕೊಂಡು ಹೋಗಿ ಚರಗ ಚೆಲ್ಲಿಸಬೇಕಂತೆ, ಅಂದರೆ ಮಾಡಿದ ಅಡುಗೆಯನ್ನು ಭೂಮಿತಾಯಿಗೆ ಎಡೆಯಾಗಿ ಹೊಲದಲ್ಲಿ ಎರಚುವುದು. "ಎಳ್ಳು ನಾ ತರತೀನಿ. ಹಂಚು ಮಾತ್ರ ನೀವು ನೋಡ್ರಿ, ಗ್ಯಾಸಿನ ಮ್ಯಾಲ ನಂಗ ಬರಂಗಿಲ್ಲ" ಅಂದರು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಇಟ್ಟಿದ್ದೇನೆ.