ಲೂಸ್ ಬೇರೆ, ಲೂಜ಼್ ಬೇರೆ

ಬೋಲ್ಟ್ ಲೂಸಾಗಿದೆ, ಪ್ಯಾಂಟ್ ಲೂಸಾಗಿದೆ, ಲೂಸ್ ಮೋಷನ್ ಶುರುವಾಗಿದೆ. ಈ ಲೂಸ್ (loose) ಕನ್ನಡಕ್ಕೆ ಬಂದು ನಮ್ಮದೇ ಆಗಿಹೋಗಿದೆ, ಬೈಯುವುದಕ್ಕೂ ಒದಗುತ್ತದೆ. ತೊಂದರೆ ಏನೆಂದರೆ, ‘ಕಳೆದುಕೊ, ಸೋಲು’ ಎನ್ನುವ ಅರ್ಥದ ಇನ್ನೊಂದು ಪದವನ್ನೂ ನಾವು ಲೂಸ್ ಅಂತಲೇ ಅನ್ನುತ್ತೇವೆ. ಅದು ಲೂಜ಼್ (lose). ಬಾಯಲ್ಲಿ ಎರಡೂ ಒಂದಾದ ಮೇಲೆ ಬರವಣಿಗೆಯಲ್ಲೂ ಕಲಸಿಹೋಗುತ್ತವೆ. ತೂಕ ಇಳಿಸುವ ಮಾತಿನಲ್ಲಿ ಎರಡು ಓ ಹಾಕಿದರೆ ತೂಕ ಸಡಿಲವಾಗುತ್ತದೆ, ಇಳಿಯುವುದಿಲ್ಲ! ಎರಡೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ, ಬರೀ ಸ್ಪೆಲಿಂಗ್ ನೋಡುವ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯುವುದೂ ಇಲ್ಲ.

ಮೊದಲು ಉಚ್ಚಾರಣೆ. ಎರಡು ಬೆರಳನ್ನು ಗಂಟಲ ಮೇಲಿಟ್ಟುಕೊಂಡು ಸ್‌ಸ್‌ಸ್ ಎಂದು ಎಳೆಯಿರಿ. ಬರೀ ಗಾಳಿ, ಗಂಟಲು ಅಲುಗುವುದಿಲ್ಲ. ನಾಲಿಗೆಯನ್ನು ಅಲ್ಲೇ ಇಟ್ಟು, ಉಸಿರು ನಿಲ್ಲಿಸದೆ, ದನಿ ಸೇರಿಸಿ. ದುಂಬಿ ಗುಂಯ್‌ಗುಟ್ಟಿದ ಹಾಗೆ ಬೆರಳಿಗೆ ಅದುರು ಸಿಗುತ್ತದೆ. ಅದೇ ಜ಼್. ಇಲ್ಲಿ ಹೆಚ್ಚಿನವರು ಜಾರುವುದು ನಮ್ಮ ಜಕಾರಕ್ಕೆ. ಜ ಹೇಳುವಾಗ ನಾಲಿಗೆ ಅಂಗುಳಕ್ಕೆ ಒತ್ತಿ ಗಾಳಿಯನ್ನು ಒಂದು ಕ್ಷಣ ಪೂರ್ತಿ ತಡೆಯುತ್ತದೆ. ಜ಼್‌ನಲ್ಲಿ ಗಾಳಿ ಎಲ್ಲೂ ನಿಲ್ಲಬಾರದು. ಐದು ಸೆಕೆಂಡ್ ಎಳೆಯಲು ಬಂದರೆ ಸರಿ, ಎಳೆಯಲಾಗದಿದ್ದರೆ ನೀವು ಹೇಳುತ್ತಿರುವುದು ಜ. ಇನ್ನೊಂದು ನಮ್ಮ ಚಾಳಿ, ಪದದ ಕೊನೆಗೆ ಉಕಾರ ಅಂಟಿಸುವುದು. ‘ಲೂಜ಼ು’ ಆಗದಂತೆ ನೋಡಿಕೊಳ್ಳಿ.

ನಿಜಕ್ಕೂ ಕಿವಿಗೆ ವ್ಯತ್ಯಾಸ ತೋರಿಸುವುದು ಬಹುಪಾಲು ಸ್ವರದ ಉದ್ದ. ಇಂಗ್ಲಿಷ್ ಮನೆಮಾತಿನವರೂ ಪದದ ಕೊನೆಯ ಜ಼್‌ನಲ್ಲಿ ಗಂಟಲನ್ನು ಪೂರ್ತಿ ಅದುರಿಸುವುದು ಕಡಿಮೆ. ಆದರೆ ಅದರ ಹಿಂದಿನ ಊಕಾರವನ್ನು ಎಳೆಯುತ್ತಾರೆ: ಲೂ‌ಊಜ಼್. ಸಡಿಲ ಎನ್ನುವ ಲೂಸ್‌ನಲ್ಲಿ ಅದೇ ಊಕಾರ ಮೊಟಕು. ಕನ್ನಡದ ದೀರ್ಘಕ್ಕೆ ಒಂದೇ ಅಳತೆ ಇಟ್ಟುಕೊಂಡಿರುವ ನಾವು ಇದನ್ನು ಗಮನಿಸುವುದೇ ಇಲ್ಲ. ಜ಼್ ಇನ್ನೂ ಕೈಗೂಡದವರು ಮೊದಲು ಈ ಎಳೆತವನ್ನು ಸರಿ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಸ್ಪೆಲಿಂಗ್ ಮಾತ್ರ ತಲೆಕೆಳಗು. ಸ್ವರ ಉದ್ದವಾಗಿರುವ ಲೂಜ಼್‌ಗೆ ಒಂದೇ ಓ, ಮೊಟಕಾಗಿರುವ ಲೂಸ್‌ಗೆ ಎರಡು. ಇದರಲ್ಲಿ ನ್ಯಾಯ ಹುಡುಕಬೇಡಿ. ಬರೆಯುವಾಗ ಅನುಮಾನ ಬಂದರೆ ವಾಕ್ಯವನ್ನು ನಿನ್ನೆಗೆ ತಳ್ಳಿ ನೋಡಿ. ‘ಲಾಸ್ಟ್’ (lost) ಎಂದು ಬದಲಾದರೆ ಒಂದು ಓ. ಆ ಜಾಗದಲ್ಲಿ ‘ಟೈಟ್’ ಇಟ್ಟರೂ ವಾಕ್ಯ ನಿಲ್ಲುವುದಾದರೆ ಎರಡು ಓ.

ಕೊನೆಗೆ ‘ಇಂಗ್’ ಬಂದಾಗಲಂತೂ ಒಂದೇ ಓ ಹಾಕಿ, ಹತ್ತಕ್ಕೆ ಒಂಬತ್ತು ಸಲ ಗೆಲ್ಲುತ್ತೀರಿ. ಎರಡು ಓ ಇರುವ ಪದಕ್ಕೂ ಕ್ರಿಯಾಪದವಾಗಿ ‘ಬಿಡು, ಹರಿಯಬಿಡು’ ಎಂಬ ಅರ್ಥವಿದೆ, ಆದರೆ ಬಳಕೆ ತೀರಾ ಅಪರೂಪ. ಸಡಿಲಿಸು ಎನ್ನಲು ‘ಲೂಸನ್’ ಬೇರೆಯೇ ಇದೆ. ‘ಲೂಜ಼ರ್’ ಸೋತವನು, ‘ಲೂಸರ್’ ಇನ್ನಷ್ಟು ಸಡಿಲ.

ಈ ಸ್–ಜ಼್ ಆಟ ಇವೆರಡಕ್ಕೇ ಮುಗಿಯುವುದಿಲ್ಲ. ಅಡ್ವೈಸ್ ಎಂದರೆ ಸಲಹೆ, ಅಡ್ವೈಜ಼್ ಎಂದರೆ ಸಲಹೆ ಕೊಡು. ಯೂಸ್ ಉಪಯೋಗ, ಯೂಜ಼್ ಉಪಯೋಗಿಸು. ಕ್ಲೋಸ್ ಹತ್ತಿರ, ಕ್ಲೋಜ಼್ ಮುಚ್ಚು. ಕ್ರಿಯಾಪದದ ಕಡೆಗೆ ಜ಼್ ವಾಲುತ್ತದೆ, ಹಾಗಾಗಿ ‘ಕಳೆದುಕೊ’ ಕೂಡ ಅದೇ ಸಾಲಿಗೆ ಕೂರುತ್ತದೆ. ಇದನ್ನೇ ನಿಯಮ ಮಾಡಿಕೊಂಡು ‘ರಿಲೀಜ಼್’ ಅನ್ನಬೇಡಿ. ಅದು ನಾಮಪದವಾದರೂ ಕ್ರಿಯಾಪದವಾದರೂ ರಿಲೀಸೇ.